ಊರಿನ ಶಾಲೆ ಮೈದಾನದಲ್ಲಿ ಎರಡು ಸಂಜೆಯ ಹಬ್ಬ: ಪ್ರಾಯೋಜಕರಿಲ್ಲದೆ ಮಾಡಬಹುದಾ?

ಶರಾವತಿ_ದಂಡೆ

ಎಲ್ಲರಿಗೂ ನಮಸ್ಕಾರ. ನಾನು ಹೊಸನಗರ ತಾಲ್ಲೂಕಿನ ಒಂದು ಸಣ್ಣ ಊರಿನವಳು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಒಂದು ವಿಷಯದಲ್ಲಿ ನಿಮ್ಮ ಸಲಹೆ ಬೇಕಿತ್ತು.

ನಮ್ಮೂರಲ್ಲಿ ಎರಡು ಸಂಜೆಯ ಹಬ್ಬ ಮಾಡಬೇಕು ಅಂತ ಒಂದಿಷ್ಟು ಜನ ಸೇರಿದ್ದೇವೆ. ಅಡಿಕೆ ತೋಟದವರು ಇಬ್ಬರು, ಹೊಲಿಗೆ ಅಂಗಡಿಯ ಅಕ್ಕ, ಅಂಚೆ ಕಚೇರಿಯವರು ಒಬ್ಬರು, ಡಿಗ್ರಿ ಓದುವ ಹುಡುಗ ಹುಡುಗಿಯರು. ಯಾರಿಗೂ ಸಂಬಳ ಇಲ್ಲ, ಟಿಕೆಟ್ ಇಲ್ಲ. ಶಾಲೆ ಮೈದಾನದಲ್ಲೇ ವೇದಿಕೆ. ಒಂದು ಸಂಜೆ ಶಾಸ್ತ್ರೀಯ ಸಂಗೀತ ಮತ್ತು ತತ್ವಪದ. ಇನ್ನೊಂದು ಸಂಜೆ ಡೊಳ್ಳು, ಕೋಲಾಟ, ನಮ್ಮ ಮಕ್ಕಳ ಒಂದು ನಾಟಕ. ಹಗಲು ಹೊತ್ತು ಶಾಲೆಯ ಜಗಲಿಯಲ್ಲಿ ಹಸೆ ಚಿತ್ತಾರ. ನಮ್ಮ ಕಡೆ ದೀವರ ಮನೆಗಳಲ್ಲಿ ಇವತ್ತಿಗೂ ಅಕ್ಕಿ ಹಿಟ್ಟು, ಕೆಮ್ಮಣ್ಣು ಕಲಸಿ ಪುಂಡಿ ನಾರಿನ ಕುಂಚದಲ್ಲಿ ಚಿತ್ತಾರ ಬರೆಯುವ ಹೆಂಗಸರಿದ್ದಾರೆ. ನನ್ನ ಕ್ಲಾಸಿನ ಮಕ್ಕಳು ಚಿತ್ರದ ಪುಸ್ತಕದಲ್ಲಿ ವಾರ್ಲಿ ನೋಡಿ ಬರೆಯುತ್ತಾರೆ. ಅದೇ ಮಕ್ಕಳ ಅಜ್ಜಿಯರು ಚಿತ್ತಾರ ಬರೆಯುವವರು! ಮನೆಯಲ್ಲೇ ಇರುವುದು ಅವರ ಕಣ್ಣಿಗೆ ಬಿದ್ದಿಲ್ಲ. ನನಗೆ ಈ ಹಬ್ಬ ಬೇಕು ಅನ್ನಿಸಿದ್ದು ಅದಕ್ಕೇ.

ಈಗ ತೊಡಕು ಏನಂದರೆ, ಊರಿನ ಗುತ್ತಿಗೆದಾರರೊಬ್ಬರು ಸ್ಟೇಜು, ಲೈಟು, ಸೌಂಡು ಎಲ್ಲ ತಾವೇ ನೋಡಿಕೊಳ್ಳುತ್ತೇವೆ ಅಂದಿದ್ದಾರೆ. ಆದರೆ ವೇದಿಕೆ ಹಿಂದಿನ ಬ್ಯಾನರಿನಲ್ಲಿ ಅವರ ಫೋಟೊ ಇರಬೇಕು. ಎರಡೂ ದಿನ ಅವರು ಕರೆಸುವ ಅತಿಥಿಗಳು ಮಾತಾಡಬೇಕು. ನಮ್ಮಲ್ಲಿ ಅರ್ಧ ಜನ ಒಪ್ಪಿಕೊಳ್ಳೋಣ ಅಂತಾರೆ, ಇನ್ನರ್ಧ ಬೇಡವೇ ಬೇಡ ಅಂತಾರೆ. ಹೋದ ಸಲ ಕೂತು ಮಾತಾಡಿದಾಗ ದನಿ ಜೋರಾಯಿತು.

ನಿಮ್ಮೂರಲ್ಲಿ ಇಂಥದ್ದು ನಡೆಸಿದವರು ಇದ್ದರೆ ಹೇಳಿ. ದುಡ್ಡು ಹೇಗೆ ಹೊಂದಿಸಿದಿರಿ? ಪರ್ಮಿಶನ್ ಯಾರ ಹತ್ತಿರ? ಕಲಾವಿದರಿಗೆ ಎಷ್ಟು ಕೊಡಬೇಕು? ಸಂಕ್ರಾಂತಿ ಹೊತ್ತಿಗೆ ಮಾಡೋಣ ಅಂತ ಯೋಚನೆ.

ಘಟ್ಟದ_ಕೆಳಗಿನವ

ಟೀಚರ್, ನನ್ನ ಕೇಳಿದರೆ ಒಪ್ಪಿಕೊಳ್ಳಿ. ನಮ್ಮ ಕಡೆ ಹರಕೆ ಆಟ ಆಡಿಸುತ್ತಾರೆ, ಗೊತ್ತಲ್ಲ. ಒಂದು ಮನೆಯವರು ಇಡೀ ರಾತ್ರಿಯ ಯಕ್ಷಗಾನದ ಖರ್ಚು ಹೊರುತ್ತಾರೆ. ಸೇವಾದಾರರ ಹೆಸರು ನೋಟೀಸಿನಲ್ಲಿ ಇರುತ್ತದೆ. ಊರವರೆಲ್ಲ ಬಂದು ಉಂಡು ಆಟ ನೋಡಿ ಹೋಗುತ್ತಾರೆ. ಅದರಲ್ಲಿ ತಪ್ಪೇನು? ಕೊಡುವವರಿಗೆ ಹೆಸರಿನ ಆಸೆ ಇರುವುದು ಸಹಜ. ಮೊದಲ ವರ್ಷ ಹೇಗಾದರೂ ನಡೆದುಬಿಡಲಿ. ನಡೆದರೆ ತಾನೆ ಎರಡನೇ ವರ್ಷದ ಮಾತು.

ಸೌಂಡ್_ಸಾಗರ

ಟೀಚರ್, ನಾನು ನಿಮ್ಮ ಪಕ್ಕದ ತಾಲ್ಲೂಕಿನವನೇ. ಸೌಂಡ್ ಸಿಸ್ಟಂ ಬಾಡಿಗೆಗೆ ಕೊಡುವುದು ನನ್ನ ಹೊಟ್ಟೆಪಾಡು. ಮದುವೆ, ಜಾತ್ರೆ, ಆಟ, ನಾಟಕ ಎಲ್ಲಕ್ಕೂ ಹೋಗುತ್ತೇನೆ. ಊರಿನ ಹುಡುಗರು ಸೇರಿ ಮಾಡುವ ಸಂಗೀತದ ಕಾರ್ಯಕ್ರಮ ಆದರೆ ಲಾರಿ ಬಾಡಿಗೆ, ಹುಡುಗರ ಕೂಲಿ ಮಾತ್ರ ತಗೊಳ್ಳುತ್ತೇನೆ. ಹಾಗಾಗಿ ವೇದಿಕೆಯ ಪಕ್ಕದಲ್ಲಿ, ಮಿಕ್ಸರ್ ಹಿಂದೆ ಕೂತು ತುಂಬಾ ಹಬ್ಬ ನೋಡಿದ್ದೇನೆ. ನಿಮ್ಮ ಪ್ರಶ್ನೆ ಓದಿ ಸುಮ್ನೆ ಇರಲು ಆಗಲಿಲ್ಲ.

ಘಟ್ಟದ ಕೆಳಗಿನವರು ಹೇಳಿದ್ದು ಸರಿಯೇ, ಆದರೆ ಒಂದು ವ್ಯತ್ಯಾಸ ಇದೆ ಮಾರಾಯ್ರೆ. ಹರಕೆ ಆಟದಲ್ಲಿ ದುಡ್ಡು ಕೊಟ್ಟ ಮನೆಯವರು ರಂಗಸ್ಥಳಕ್ಕೆ ಹತ್ತಿ ಭಾಷಣ ಮಾಡುವುದಿಲ್ಲ. ಪ್ರಸಾದ ತಗೊಂಡು ಬಂದು ಎಲ್ಲರ ಜೊತೆ ಕೂರುತ್ತಾರೆ. ವೇಷ ಕಟ್ಟುವ ಚೌಕಿಯಲ್ಲಿ ಪೂಜೆ, ಆಮೇಲೆ ಆಟ. ಅವರ ಹೆಸರು ಕಾಗದದಲ್ಲಿ ಇರುತ್ತದೆ, ಮುಖ ಭಾಗವತರ ಹಿಂದೆ ಇರುವುದಿಲ್ಲ. ಈ ಗುತ್ತಿಗೆದಾರರು ಹಾಗೆ ಕೊಡುವುದಾದರೆ ಕೈ ಮುಗಿದು ತಗೊಳ್ಳಿ. ಹೆಸರು ಕೊಡಿ, ಮೈಕು ಕೊಡಬೇಡಿ.

ಮೈಕಿನ ಮಾತು ಯಾಕೆ ಹೇಳುತ್ತೇನೆ ಅಂದರೆ ನಿಮಗೆ ಇರುವ ಸಮಯವೇ ಕಡಿಮೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಬಯಲಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವ ಹಾಗಿಲ್ಲ. ವರ್ಷಕ್ಕೆ 15 ದಿನ ಮೀರದ ಹಾಗೆ ಹಬ್ಬ, ಉತ್ಸವಗಳಿಗೆ ಮಧ್ಯರಾತ್ರಿ 12ರವರೆಗೆ ಸಡಿಲ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕೆ ಇದೆ. ಅದು ಸಿಗುತ್ತದೆ ಅಂತ ನಂಬಿ ಕಾರ್ಯಕ್ರಮದ ಪಟ್ಟಿ ಮಾಡಬೇಡಿ. ಹಗಲು ಹೊತ್ತಿಗೂ ಲಿಖಿತ ಅನುಮತಿ ಬೇಕು. ಪೊಲೀಸ್ ಠಾಣೆಗೆ, ಗ್ರಾಮ ಪಂಚಾಯಿತಿಗೆ, ಶಾಲೆಯ ಎಸ್‌ಡಿಎಂಸಿಗೆ, ಅಂದರೆ ಶಾಲಾಭಿವೃದ್ಧಿ ಸಮಿತಿಗೆ ಅರ್ಜಿ ಕೊಡಿ. ಮೂರರದ್ದೂ ಸ್ವೀಕೃತಿ ಸಹಿ ಹಾಕಿಸಿದ ಪ್ರತಿ ನಿಮ್ಮ ಕೈಯಲ್ಲಿ ಇರಲಿ. ಮನೆಗಳಿರುವ ಜಾಗದಲ್ಲಿ ಹಗಲಿನ ಮಿತಿ 55 ಡೆಸಿಬಲ್. ಸಾರ್ವಜನಿಕ ಜಾಗದಲ್ಲಿ ಮೈಕ್ ಹಾಕಿದಾಗ ಮೈದಾನದ ಅಂಚಿನಲ್ಲಿ ಅದಕ್ಕಿಂತ 10 ಜಾಸ್ತಿಯವರೆಗೆ ಹೋಗಬಹುದು, ಅಂದರೆ 65. ಇದೇನೂ ದೊಡ್ಡ ಶಬ್ದ ಅಲ್ಲ. ಸಂಗೀತಕ್ಕೆ ಸಾಕು. ಡಿಜೆಗೆ ಸಾಲುವುದಿಲ್ಲ, ಅದು ನಿಮಗೆ ಬೇಕಾಗಿಯೂ ಇಲ್ಲ.

ಕುಂದಗೋಳದ ನಾಡಿಗೇರ ವಾಡೆಯಲ್ಲಿ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ನೆನಪಿಗೆ ಅಹೋರಾತ್ರಿ ಸಂಗೀತ ನಡೆಯುತ್ತದೆ ಅಲ್ವಾ, ಅದು ವಾಡೆಯ ಒಳಗೆ. ಸಭಾಂಗಣ, ಸಮುದಾಯ ಭವನದಂಥ ಮುಚ್ಚಿದ ಜಾಗದೊಳಗೆ ಕೇಳಿಸುವ ಮಟ್ಟಿಗೆ ಆದರೆ ನಿಯಮದಲ್ಲಿ ಅವಕಾಶ ಇದೆ. ನಿಮ್ಮದು ಬಯಲು. 10ಕ್ಕೆ ಮುಗಿಯಲೇಬೇಕು. ಸಂಜೆ 5.30ಕ್ಕೆ ಶುರು ಮಾಡಿದರೆ ನಾಲ್ಕೂವರೆ ಗಂಟೆ ಸಿಗುತ್ತದೆ. ಕಲಾವಿದರು ಬದಲಾಗುವಾಗ, ಮೈಕ್ ಸರಿಸುವಾಗ, ಶ್ರುತಿ ಮಾಡಿಕೊಳ್ಳುವಾಗ ಒಂದು ಗಂಟೆ ಹೋಗುತ್ತದೆ. ಉಳಿದ ಮೂರೂವರೆ ಗಂಟೆಯಲ್ಲಿ ಅತಿಥಿಗಳ ಭಾಷಣಕ್ಕೆ ಒಂದು ಗಂಟೆ ಕೊಟ್ಟರೆ ಏನು ಉಳಿಯಿತು?

ಒಂದು ಊರಲ್ಲಿ ಇದನ್ನು ಕಣ್ಣಾರೆ ನೋಡಿದೆ. ಊರಿನ ಹೆಸರು ಬೇಡ. ಕಲಬುರಗಿ ಕಡೆಯಿಂದ ತತ್ವಪದ ಹಾಡುವ ಹಿರಿಯರೊಬ್ಬರು ಬಂದಿದ್ದರು. ಏಕತಾರಿ, ದಮ್ಮಡಿ, ಜೊತೆಗೆ ಇಬ್ಬರು ಹಿಮ್ಮೇಳದವರು. ಒಂದು ದಿನ ಒಂದು ರಾತ್ರಿ ಬಸ್ಸಿನಲ್ಲಿ ಕೂತು ಬಂದವರು. ಸಂಜೆ ಆರಕ್ಕೆ ಅವರ ಹಾಡು ಅಂತ ಕಾಗದದಲ್ಲಿ ಇತ್ತು. ಸನ್ಮಾನ, ಶಾಲು, ಹಾರ, ಅತಿಥಿಗಳ ಮಾತು ಮುಗಿದು ಅವರು ಸ್ಟೇಜು ಹತ್ತಿದಾಗ 9.40. ಎರಡು ಪದ ಹಾಡುವಷ್ಟರಲ್ಲಿ ಠಾಣೆಯವರು ಬಂದು ನಿಂತರು. ಆ ಹಿರಿಯರು ಒಂದು ಮಾತೂ ಆಡದೆ ಏಕತಾರಿಗೆ ಬಟ್ಟೆ ಸುತ್ತಿದರು. ನನಗೆ ಮಾತ್ರ ಹೊಟ್ಟೆ ಉರಿಯಿತು. ಅವತ್ತಿನಿಂದ ಯಾರಾದರೂ ಕಾರ್ಯಕ್ರಮಕ್ಕೆ ಕರೆದರೆ ನಾನು ಮೊದಲು ಕೇಳುವುದು ಭಾಷಣ ಎಷ್ಟು ಹೊತ್ತು ಅಂತ.

ಈಗ ದುಡ್ಡು. ನನ್ನ ಅಭಿಪ್ರಾಯ ಒಂದೇ. ಇರುವ ದುಡ್ಡು ಕೇಳಿಸುವುದಕ್ಕೆ ಹೋಗಲಿ, ಕಾಣಿಸುವುದಕ್ಕೆ ಬೇಡ. ಕಲಾವಿದರ ಸಂಭಾವನೆ, ಅವರ ಪ್ರಯಾಣ, ಒಳ್ಳೆಯ ಸೌಂಡು, ಊಟ. ಇಷ್ಟಕ್ಕೆ ದುಡ್ಡು ಮೊದಲು ತೆಗೆದಿಡಿ. ಫ್ಲೆಕ್ಸು, ಹೂವಿನ ಕಮಾನು, ಎಲ್‌ಇಡಿ ಪರದೆ ಏನೂ ಬೇಡ. ವೇದಿಕೆ ಹಿಂದೆ ಒಂದು ಕಪ್ಪು ಬಟ್ಟೆ ಕಟ್ಟಿ. ಅಥವಾ ನಿಮ್ಮ ಚಿತ್ತಾರದ ಅಕ್ಕಂದಿರಿಗೇ ಕೇಳಿ, ಚಾಪೆಯ ಮೇಲೆ ಕೆಮ್ಮಣ್ಣು ಬಳಿದು ಬರೆದುಕೊಡುತ್ತಾರಾ ಅಂತ. ಬರೆದುಕೊಟ್ಟರೆ ಅವರಿಗೂ ಸಂಭಾವನೆ ಕೊಡಿ. ಅವರೂ ಕಲಾವಿದರೇ. ಅದಕ್ಕಿಂತ ಚೆಂದದ ಬ್ಯಾನರ್ ಯಾವ ಪ್ರೆಸ್ಸಿನಲ್ಲೂ ಸಿಗುವುದಿಲ್ಲ.

ಸೌಂಡಿಗೆ ಏನು ಬೇಕು ಅಂತ ಬಿಡಿಸಿ ಹೇಳುತ್ತೇನೆ. ಯಾಕೆಂದರೆ ಬಾಡಿಗೆ ಕೊಡುವವರು ಅಂಕಿ ಏರಿಸುವುದು ಇಲ್ಲಿಯೇ. ನಾನೂರು, ಐನೂರು ಜನ ಕೂರುವ ಮೈದಾನಕ್ಕೆ ಗೋಡೆಯಂಥ ಬಾಕ್ಸುಗಳು ಬೇಡ. ಎರಡೂ ಕಡೆ ಒಳ್ಳೆಯ ಟಾಪ್ ಸ್ಪೀಕರು, ಸ್ಟ್ಯಾಂಡಿನ ಮೇಲೆ, ಕೂತವರ ತಲೆಗಿಂತ ಎತ್ತರಕ್ಕೆ. ಕಲಾವಿದರಿಗೆ ತಮ್ಮ ದನಿ ಕೇಳಲು ಎರಡು ಮಾನಿಟರ್. ಸ್ಪೀಕರುಗಳು ಮೈಕುಗಳಿಗಿಂತ ಮುಂದೆ ಇರಬೇಕು, ಇಲ್ಲದಿದ್ದರೆ ಕೂಗು ಬರುತ್ತದೆ. ಕರ್ನಾಟಕ ಸಂಗೀತದ ಒಂದು ಕಛೇರಿಗೆ ಹಾಡುವವರಿಗೆ ಒಂದು ಮೈಕು, ಪಿಟೀಲಿಗೆ ಒಂದು, ಮೃದಂಗದ ಎರಡು ಮುಖಕ್ಕೆ ಎರಡು, ಘಟ ಅಥವಾ ಖಂಜಿರಕ್ಕೆ ಒಂದು, ತಂಬೂರಕ್ಕೆ ಒಂದು. ಆರು ಆಯಿತು. ಡೊಳ್ಳಿಗೆ ಮೈಕೇ ಬೇಡ. ಯಾರಾದರೂ ಡೊಳ್ಳಿಗೂ ಮೈಕ್ ಇಡುತ್ತೇನೆ ಅಂದರೆ ಬೇಡ ಅನ್ನಿ. ನಾಟಕಕ್ಕೆ ಮಕ್ಕಳ ಕೊರಳಿಗೆ ಕಾಲರ್ ಮೈಕ್ ಸಿಕ್ಕಿಸಬೇಡಿ, ಬಟ್ಟೆ ಉಜ್ಜಿ ಸದ್ದು ಬರುತ್ತದೆ. ವೇದಿಕೆಯ ಮುಂದಿನ ಅಂಚಿನಲ್ಲಿ ಎರಡು ಮೂರು ಕಂಡೆನ್ಸರ್ ಮೈಕು ಮಲಗಿಸಿ. ಉಳಿದದ್ದು ಮಕ್ಕಳು ದನಿ ಎತ್ತಿ ಮಾತಾಡಲಿ.

ಕರೆಂಟಿನ ವಿಷಯ ಹಗುರವಾಗಿ ತಗೊಳ್ಳಬೇಡಿ. ಕಂಬದಿಂದ ಕೊಕ್ಕೆ ಹಾಕಿ ಎಳೆಯುವುದು ಬೇಡವೇ ಬೇಡ. ಅದು ಅಪರಾಧ, ಜೀವಕ್ಕೂ ಅಪಾಯ. ಮೆಸ್ಕಾಂ ಕಚೇರಿಯಲ್ಲಿ ತಾತ್ಕಾಲಿಕ ಸಂಪರ್ಕಕ್ಕೆ ಅರ್ಜಿ ಹಾಕಿ. ಲೈಟಿಗೆ ಒಂದು ಲೈನು, ಸೌಂಡಿಗೆ ಬೇರೆ ಲೈನು ಇರಲಿ, ಇಲ್ಲದಿದ್ದರೆ ಲೈಟಿನ ಗುಂಯ್ ಅನ್ನುವ ಸದ್ದು ಸ್ಪೀಕರಿಗೆ ಬರುತ್ತದೆ. ಶಾಲೆಯ ಅರ್ಥಿಂಗ್ ಗುಂಡಿ ಬೇಸಿಗೆ ಬರುತ್ತಿದ್ದಂತೆ ಒಣಗಿರುತ್ತದೆ. ಮುಂಚೆಯೇ ನೀರು ಹೊಯ್ದು, ಎಲೆಕ್ಟ್ರಿಷಿಯನ್ ಕೈಲಿ ಪರೀಕ್ಷೆ ಮಾಡಿಸಿ. ಮಕ್ಕಳು ಓಡಾಡುವ ಜಾಗ. ಜನರೇಟರ್ ತಂದರೆ ಕಟ್ಟಡದ ಹಿಂದೆ ಇಡಿ.

ತಾರೀಕಿನ ಬಗ್ಗೆ ಒಂದು ಮಾತು. ಸಂಕ್ರಾಂತಿ ಬೇಡ. ಅಡಿಕೆ ಕೊಯ್ಲು ಮುಗಿದಿರುವುದಿಲ್ಲ. ನಿಮ್ಮ ತೋಟದವರು ಇಬ್ಬರೂ ಹಗಲು ಅಡಿಕೆ ಗೊನೆ ಇಳಿಸಿ, ರಾತ್ರಿ ಸುಲಿಯುವ ಕೆಲಸದಲ್ಲಿ ಇರುತ್ತಾರೆ. ಅವರಷ್ಟೇ ಅಲ್ಲ, ನಿಮ್ಮ ಕೇಳುಗರೂ ಅಲ್ಲೇ ಇರುತ್ತಾರೆ. ಮಾರ್ಚ್ ಬಂದರೆ ಎಸ್‌ಎಸ್‌ಎಲ್‌ಸಿ ಪರೀಕ್ಷೆ, ನಿಮಗೇ ಪುರುಸೊತ್ತು ಇಲ್ಲ. ಫೆಬ್ರವರಿಯಲ್ಲಿ ಹುಣ್ಣಿಮೆ ಹತ್ತಿರದ ಶನಿವಾರ, ಭಾನುವಾರ ನೋಡಿ. ದೂರದ ಮನೆಗಳವರು ಬೆಳದಿಂಗಳಲ್ಲಿ ನಡೆದುಕೊಂಡು ಹೋಗಬಹುದು. ಆ ವಾರ ಅಕ್ಕಪಕ್ಕ ಜಾತ್ರೆ, ಮೇಳದ ಆಟ ಇದೆಯಾ ಅಂತ ಮಾತ್ರ ವಿಚಾರಿಸಿಕೊಳ್ಳಿ. ಮೇಳಗಳ ತಿರುಗಾಟ ಮಳೆಗಾಲ ಶುರುವಾಗುವವರೆಗೂ ಇರುತ್ತದೆ.

ಇನ್ನು, ಇಷ್ಟು ಸಣ್ಣ ಊರಲ್ಲಿ ಆಗುತ್ತದಾ ಅಂತ ಯಾರಾದರೂ ಅಂದರೆ ಹೆಗ್ಗೋಡು ತೋರಿಸಿ. ನಿಮಗೆ ಅಷ್ಟು ಹತ್ತಿರದಲ್ಲೇ ಇದೆ. ಅಲ್ಲಿನ ನಾಟಕ ಸಂಸ್ಥೆ ನೀನಾಸಂ 1949ರಲ್ಲಿ ಶುರುವಾದಾಗ ಅದೂ ಅಡಿಕೆ ತೋಟದ ಊರಿನ ಹುಡುಗರ ಹವ್ಯಾಸಿ ಸಂಘವೇ. ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು 1991ರಲ್ಲಿ, ನಾಲ್ಕು ದಶಕದ ಮೇಲೆ. 1985ರಿಂದ ಅವರ ನಾಟಕ ತಂಡ ತಿರುಗಾಟ ಊರೂರು ಸುತ್ತುತ್ತಿದೆ. ಆಯಾ ಊರಿನವರೇ ಜನ ಸೇರಿಸಿ, ನಟರನ್ನು ಉಳಿಸಿಕೊಂಡು, ಊಟ ಹಾಕಿ ನಾಟಕ ಆಡಿಸುತ್ತಾರೆ. ನಾನು ಹುಡುಗನಾಗಿದ್ದಾಗ ವೈರು ಸುತ್ತುವುದು ಕಲಿತದ್ದು ಹಾಗೆ ಬಂದ ಒಂದು ನಾಟಕದ ರಾತ್ರಿ. ಹೇಳಿಕೊಟ್ಟವರು ಯಾರೋ ಹೆಸರು ಗೊತ್ತಿಲ್ಲದ ತಾಂತ್ರಿಕ ಹುಡುಗರು. ಎಳೆಯಬೇಡ, ಸುತ್ತು ಅಂತ ಗದರಿಸಿ ಹೇಳಿದ್ದರು. ಇವತ್ತು ನನ್ನ ಹುಡುಗರಿಗೂ ನಾನು ಅದನ್ನೇ ಹೇಳುತ್ತೇನೆ. ನಿಮ್ಮ ಡಿಗ್ರಿ ಹುಡುಗ ಹುಡುಗಿಯರಲ್ಲಿ ಇಬ್ಬರನ್ನು ನನ್ನ ಜೊತೆ ಬಿಡಿ. ಬಾಡಿಗೆಯವರು ಬಂದು ಹೋಗುವುದು ಬೇರೆ, ಊರಲ್ಲೇ ಕೆಲಸ ಗೊತ್ತಿರುವವರು ಇರುವುದು ಬೇರೆ.

ಒಂಟಿಕೊಪ್ಪಲು_ಅಕ್ಕ

ಸೌಂಡ್ ಸಾಗರ ಅವರು ಬರೆದದ್ದು ಓದಿ ಖುಷಿಯಾಯಿತು. ನಾನು ಮೈಸೂರಿನವಳು. ನಮ್ಮ ಒಂಟಿಕೊಪ್ಪಲಿನಲ್ಲಿ 8ನೇ ಕ್ರಾಸಿನ ಗಣೇಶೋತ್ಸವದ ಸಂಗೀತ 1960ರ ದಶಕದಿಂದ ನಡೆದುಕೊಂಡು ಬಂದಿದೆ. ರಸ್ತೆಯಲ್ಲೇ ಪೆಂಡಾಲು, ದೊಡ್ಡ ದೊಡ್ಡ ವಿದ್ವಾಂಸರು, ಕುರ್ಚಿ ಸಿಗದವರು ಮನೆಗಳ ಕಾಂಪೌಂಡಿನ ಮೇಲೆ. ಬೆಂಗಳೂರಿನ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಸಂಗೀತ ಇನ್ನೂ ಹಳೆಯದು, 1939ರದ್ದು. ನಾನು ಅಷ್ಟು ದೊಡ್ಡದರಲ್ಲಿ ಕೆಲಸ ಮಾಡಿದವಳಲ್ಲ. ನಮ್ಮ ಬಡಾವಣೆಯ ಒಂದು ಸಣ್ಣ ಸಮಿತಿಯಲ್ಲಿ ಲೆಕ್ಕ ಬರೆಯುತ್ತೇನೆ. ಅದರಿಂದ ಎರಡು ಮಾತು.

ಲೆಕ್ಕ ಬಾಯಲ್ಲಿ ಇರಬಾರದು. ಸಮಿತಿಯ ಹೆಸರಲ್ಲಿ ಬ್ಯಾಂಕ್ ಖಾತೆ, ಇಬ್ಬರ ಸಹಿ, ನಂಬರ್ ಹಾಕಿದ ರಸೀದಿ ಪುಸ್ತಕ. ಮುಂದೆ ಪ್ರತಿ ವರ್ಷ ಮಾಡುವ ಮನಸ್ಸಿದ್ದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ನೋಂದಣಿ ಮಾಡಿಸಿ, ಏಳು ಜನ ಇದ್ದರೆ ಸಾಕು. ಹಬ್ಬ ಮುಗಿದ ವಾರದೊಳಗೆ ಜಮಾ ಖರ್ಚು ಬರೆದು ಹಾಲಿನ ಡೇರಿ, ಸೊಸೈಟಿ ಬಾಗಿಲಲ್ಲಿ ಅಂಟಿಸಿಬಿಡಿ. ನೂರು ರೂಪಾಯಿ ಕೊಟ್ಟವರ ಹೆಸರೂ ಅದರಲ್ಲಿ ಇರಲಿ, ಅಕ್ಷರಮಾಲೆಯ ಕ್ರಮದಲ್ಲಿ, ಎಲ್ಲರದ್ದೂ ಒಂದೇ ಅಳತೆಯಲ್ಲಿ. ಹಾಗೆ ಮಾಡಿದ ಮೇಲೆ ನಮಗೆ ಮುಂದಿನ ವರ್ಷ ಮನೆ ಮನೆಗೆ ಹೋಗಿ ಕೇಳುವ ಸಂಕೋಚವೇ ಹೋಯಿತು. ದುಡ್ಡೇ ಕೊಡಬೇಕು ಅಂತ ಇಲ್ಲ. ಅಕ್ಕಿ, ಕಾಯಿ, ಬಾಳೆ ಎಲೆ, ಸೌದೆ, ಒಂದು ದಿನಕ್ಕೆ ಪಿಕಪ್ ಗಾಡಿ. ನಿಮ್ಮ ಗುತ್ತಿಗೆದಾರರಿಗೂ ಒಂದು ರಾತ್ರಿಯ ಊಟ ನಿಮ್ಮದು ಅಂತ ಕೇಳಿ ನೋಡಿ.

ಇನ್ನೊಂದು ಮಾತು ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಹೆಂಗಸರನ್ನು ಅಡುಗೆ ಮನೆಗೆ ಕಟ್ಟಿಹಾಕಬೇಡಿ. ಎಲ್ಲ ಕಡೆ ನೋಡಿದ್ದೇನೆ. ಹಾಡು ಶುರುವಾಗುವ ಹೊತ್ತಿಗೆ ಅವರು ತರಕಾರಿ ಹೆಚ್ಚುತ್ತಾ ಇರುತ್ತಾರೆ, ಮುಗಿಯುವ ಹೊತ್ತಿಗೆ ಪಾತ್ರೆ ತೊಳೆಯುತ್ತಾ ಇರುತ್ತಾರೆ. ಒಂದು ಸಂಜೆ ಗಂಡಸರದ್ದು ಅಡುಗೆ, ಇನ್ನೊಂದು ಸಂಜೆ ಹೆಂಗಸರದ್ದು, ಹೀಗೆ ಪಾಳಿ ಹಾಕಿ ಮೊದಲೇ ಬರೆದಿಡಿ. ತಿರುವೈಯಾರಿನ ತ್ಯಾಗರಾಜ ಆರಾಧನೆಯಲ್ಲಿ ಒಂದು ಕಾಲಕ್ಕೆ ಹೆಂಗಸರು ಹಾಡುವ ಹಾಗೇ ಇರಲಿಲ್ಲ. ನಂಜನಗೂಡಿನಲ್ಲಿ ಹುಟ್ಟಿದ ಗಾಯಕಿ ಬೆಂಗಳೂರು ನಾಗರತ್ನಮ್ಮ ತಮ್ಮ ಗಳಿಕೆಯ ದುಡ್ಡು ಹಾಕಿ ಅಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದರು. ಆಮೇಲೆ ಹೆಂಗಸರದ್ದೇ ಒಂದು ಆರಾಧನೆ ನಡೆಸಿದರು. ಇವತ್ತು ಅಲ್ಲಿ ಎಲ್ಲರೂ ಒಟ್ಟಿಗೆ ಕೂತು ತ್ಯಾಗರಾಜರ ಪಂಚರತ್ನ ಕೃತಿಗಳನ್ನು ಹಾಡುವಾಗ ನನಗೆ ಆಕೆಯ ನೆನಪಾಗುತ್ತದೆ.

ಮತ್ತೆ ಶೌಚಾಲಯ. ಮೈದಾನದಿಂದ ಶಾಲೆಯ ಶೌಚಾಲಯಕ್ಕೆ ಹೋಗುವ ದಾರಿಯಲ್ಲಿ ಲೈಟು ಇರಲಿ, ಡ್ರಮ್ಮಿನಲ್ಲಿ ನೀರು ಇರಲಿ, ಬೀಗದ ಕೈ ಹೆಂಗಸರೊಬ್ಬರ ಹತ್ತಿರ ಇರಲಿ. ಇದಿಲ್ಲದಿದ್ದರೆ ಏಳೂವರೆಗೆಲ್ಲ ಹೆಂಗಸರು, ಹುಡುಗಿಯರು ಎದ್ದು ಮನೆಗೆ ಹೋಗುತ್ತಾರೆ. ಸಂಗೀತ ಇಷ್ಟವಾಗಲಿಲ್ಲ ಅಂದುಕೊಳ್ಳುತ್ತೀರಿ. ಕಾರಣ ಅದಲ್ಲ.

ಹಕ್ಕುಸ್ವಾಮ್ಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ದಾಸರ ಪದ, ವಚನ, ತತ್ವಪದಕ್ಕೆ ತೊಂದರೆ ಇಲ್ಲ. ಕವಿ ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಕುವೆಂಪು 1994ರಲ್ಲಿ. ಹಾಗಾಗಿ ಅವರ ಕವಿತೆಗಳಿಗೆ ಇನ್ನೂ ಹಕ್ಕು ಇದೆ. ಹವ್ಯಾಸಿ ಸಂಘ ಟಿಕೆಟ್ ಇಲ್ಲದೆ ಹಾಡಿದರೆ, ನಾಟಕ ಆಡಿದರೆ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ ವಿನಾಯಿತಿ ಇದೆ. ನಿಮ್ಮ ಮಕ್ಕಳ ನಾಟಕ ಅದರಲ್ಲಿ ಬರುತ್ತದೆ. ಯೂಟ್ಯೂಬಿಗೆ ಹಾಕುವುದಾದರೆ ಅದು ಬೇರೆ ವಿಷಯ, ಮುಂಚೆ ಒಪ್ಪಿಗೆ ತಗೊಳ್ಳಿ.

ಪಕ್ಕವಾದ್ಯ

ಶಿವಮೊಗ್ಗದವನು, ಪಿಟೀಲು ನುಡಿಸುತ್ತೇನೆ. ಎಷ್ಟು ಕೊಡಬೇಕು ಅನ್ನುವ ಪ್ರಶ್ನೆಗೆ ಯಾರೂ ಉತ್ತರ ಹೇಳಲಿಲ್ಲ.

ಅಂಕಿ ನಾನೂ ಹೇಳುವುದಿಲ್ಲ, ಒಬ್ಬೊಬ್ಬರದ್ದು ಒಂದೊಂದು ಇರುತ್ತದೆ. ಆದರೆ ಫೋನಿನಲ್ಲೇ ಮೊತ್ತ ಹೇಳಿಬಿಡಿ. ನೀವು ಎಷ್ಟು ಹೇಳುತ್ತೀರೋ ಅಷ್ಟು ಸರ್ ಅನ್ನುವ ಮಾತು ನಮ್ಮನ್ನು ಇಕ್ಕಟ್ಟಿಗೆ ಸಿಕ್ಕಿಸುತ್ತದೆ. ನಮ್ಮ ಹತ್ತಿರ ಇಷ್ಟೇ ಇದೆ ಅಂದರೆ ಎಷ್ಟೋ ಜನ ಪ್ರೀತಿಯಿಂದ ಬರುತ್ತೇವೆ. ಪ್ರಯಾಣದ ಖರ್ಚು ಬೇರೆ, ಸಂಭಾವನೆ ಬೇರೆ. ಮುಖ್ಯ ಕಲಾವಿದರಿಗೆ ಒಂದು ಕವರ್ ಕೊಟ್ಟು, ಪಕ್ಕವಾದ್ಯದವರಿಗೆ ನೀವೇ ಹಂಚಿಬಿಡಿ ಅನ್ನಬೇಡಿ. ಒಬ್ಬೊಬ್ಬರ ಕೈಗೂ ನೀವೇ ಕೊಡಿ. ಅದೇ ರಾತ್ರಿ ಕೊಡಿ, ಮುಂದಿನ ವಾರ ಕಳಿಸುತ್ತೇವೆ ಅನ್ನಬೇಡಿ. ಮೃದಂಗದವರ ಕವರ್ ತೀರಾ ತೆಳ್ಳಗೆ ಇದ್ದರೆ ಅದು ಇಡೀ ವೇದಿಕೆಗೆ ಗೊತ್ತಾಗುತ್ತದೆ. ಶಾಲು, ಪೇಟ, ಫಲಕ ಬೇಡ. ನನ್ನ ಮನೆಯಲ್ಲಿ ಶಾಲು ಇಡಲು ಜಾಗ ಇಲ್ಲ. ಆ ದುಡ್ಡು ಸೇರಿಸಿ ಘಟದವರಿಗೆ ಕೊಡಿ.

ಫೆಬ್ರವರಿ ಅಂದರೆ ಇಬ್ಬನಿ. ವೇದಿಕೆಗೆ ಮೇಲೆ ಮುಚ್ಚಿಗೆ ಬೇಕೇ ಬೇಕು, ಹಿಂದೆ ಮತ್ತು ಎರಡು ಪಕ್ಕಕ್ಕೂ ಬಟ್ಟೆ ಕಟ್ಟಿ. ಥಂಡಿ ಏರಿದ ಹಾಗೆ ಮೃದಂಗದ ಚರ್ಮ ತೇವ ಹಿಡಿದು ಶ್ರುತಿ ಇಳಿಯುತ್ತದೆ. ನನ್ನ ತಂತಿಗಳೂ ಅಲುಗಾಡುತ್ತವೆ. ಹಾಗಾಗಿ ಶಾಸ್ತ್ರೀಯ ಸಂಗೀತ ಸಂಜೆ ಮೊದಲು ಇಡಿ, ತತ್ವಪದ ಆಮೇಲೆ. ತಮಟೆಯವರನ್ನೂ ಕರೆಸುವ ಹಾಗಿದ್ದರೆ ಕಾಯಿಸಲು ಹುಲ್ಲು, ಬೆಂಕಿಗೆ ಒಂದು ಜಾಗ ದೂರದಲ್ಲಿ ಮಾಡಿಕೊಡಿ. ಕುಡಿಯಲು ಬಿಸಿ ನೀರು ಇಡಿ. ಕಛೇರಿಗೆ ಮುಂಚೆ ಹೊಟ್ಟೆ ತುಂಬಾ ಊಟ ಬೇಡ, ಎರಡು ಇಡ್ಲಿ ಸಾಕು. ಊಟ ಆಮೇಲೆ. ಆ ಹೊತ್ತಿಗೆ ಅಡುಗೆ ಖಾಲಿ ಆಗಿರಬಾರದು ಅಷ್ಟೇ.

ಚೆನ್ನೈನ ಊರೂರು ಆಲ್ಕಾಟ್ ಕುಪ್ಪಂ ಹಬ್ಬದ ಬಗ್ಗೆ ಓದಿ ನೋಡಿ. 2015ರಲ್ಲಿ ಮೀನುಗಾರರ ಕೇರಿಯಲ್ಲಿ ಶುರು ಮಾಡಿದರು. ಗಾಯಕ ಟಿ.ಎಂ. ಕೃಷ್ಣ ಅವರಂಥವರು ಅಲ್ಲಿನ ಜನರ ಜೊತೆ ನಿಂತು ಮಾಡಿದ್ದು. ಸಭಾಂಗಣದ ಸಂಗೀತ, ಪರೆ ಬಾರಿಸುತ್ತಾ ಕುಣಿಯುವ ಪರೆಯಾಟ್ಟಂ, ಬಿಲ್ಲು ಬಾರಿಸುತ್ತಾ ಕಥೆ ಹಾಡುವ ವಿಲ್ಲುಪ್ಪಾಟ್ಟು ಎಲ್ಲ ಒಂದೇ ವೇದಿಕೆಯಲ್ಲಿ. ನಿಮ್ಮ ಪಟ್ಟಿಯಲ್ಲಿ ಒಂದು ಸಂಜೆ ಶಾಸ್ತ್ರೀಯ ಸಂಗೀತ, ತತ್ವಪದ, ಇನ್ನೊಂದು ಸಂಜೆ ಡೊಳ್ಳು, ಕೋಲಾಟ ಅಂತ ಇದೆ. ಹಾಗೆ ಬೇಲಿ ಹಾಕಬೇಡಿ ಅನ್ನಿಸುತ್ತದೆ. ನನ್ನ ಕಛೇರಿ ಮುಗಿದ ಮೇಲೆ ಅದೇ ಜನ ಡೊಳ್ಳು ಕೇಳಲಿ. ಡೊಳ್ಳಿಗೆ ಬಂದವರು ಒಂದು ಆಲಾಪನೆ ಕೇಳಲಿ. ನಾನೂ ಕೆಳಗೆ ಕೂತು ಡೊಳ್ಳು ಕೇಳುತ್ತೇನೆ.

ಶರಾವತಿ_ದಂಡೆ

ಇಷ್ಟೆಲ್ಲ ಬರೆದಿದ್ದೀರಿ, ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಾಗುತ್ತಿಲ್ಲ. ನೆನ್ನೆ ಎಲ್ಲರೂ ಸೇರಿ ಇದನ್ನು ಜೋರಾಗಿ ಓದಿದೆವು. ತಾರೀಕು ಫೆಬ್ರವರಿಗೆ ಹಾಕಿದ್ದೇವೆ. ಎರಡೂ ಸಂಜೆ ಬೆರೆಸಿ ಪಟ್ಟಿ ಮಾಡುತ್ತೇವೆ. ಮೊದಲ ಸಂಜೆಯ ಅಡುಗೆ ಗಂಡಸರದ್ದು ಅಂತ ಹೊಲಿಗೆ ಅಂಗಡಿಯ ಅಕ್ಕ ಆಗಲೇ ಬರೆದು ಗೋಡೆಗೆ ಹಚ್ಚಿದ್ದಾರೆ. ಗುತ್ತಿಗೆದಾರರ ಹತ್ತಿರ ನಾನು, ಅಂಚೆಯವರು ಹೋಗಿ ಮಾತಾಡಿದೆವು. ಒಂದು ರಾತ್ರಿಯ ಊಟ ನಿಮ್ಮ ಮನೆಯದ್ದು, ಹೆಸರು ಎಲ್ಲರ ಜೊತೆ ಪಟ್ಟಿಯಲ್ಲಿ ಅಂದೆವು. ಮುಖ ಸಣ್ಣದಾಯಿತು. ಯೋಚನೆ ಮಾಡಿ ಹೇಳುತ್ತೇನೆ ಅಂದಿದ್ದಾರೆ.

ಇನ್ನೊಂದು ಕೇಳಬೇಕಿತ್ತು. ನಮ್ಮ ಪಕ್ಕದ ಕೇರಿಯಲ್ಲಿ ಅಂಟಿಗೆ ಪಂಟಿಗೆ ಹಾಡುವ ಹಿರಿಯರು ನಾಲ್ಕು ಜನ ಇದ್ದಾರೆ. ದೀಪಾವಳಿಯಲ್ಲಿ ದೀಪ ಹಿಡಿದು ರಾತ್ರಿಯಿಡೀ ಮನೆ ಮನೆಗೆ ಹೋಗಿ ಹಾಡುತ್ತಾರೆ. ಅವರ ಜೊತೆ ಹೋಗುವ ಹುಡುಗರು ಕಡಿಮೆಯಾಗುತ್ತಿದ್ದಾರೆ. ಅವರನ್ನು ಹಬ್ಬಕ್ಕೆ ಕರೆಯಬೇಕು ಅಂತ ಆಸೆ. ಆದರೆ ದೀಪಾವಳಿಯ ಹಾಡನ್ನು ಫೆಬ್ರವರಿಯಲ್ಲಿ ಸ್ಟೇಜಿನ ಮೇಲೆ ಹಾಡಿ ಅಂತ ಕೇಳುವುದು ಸರಿಯಾ?

ಸೌಂಡ್_ಸಾಗರ

ಒಳ್ಳೆಯ ಪ್ರಶ್ನೆ ಕೇಳಿದಿರಿ ಟೀಚರ್. ಇದರಲ್ಲಿ ನನಗೆ ಗಟ್ಟಿ ಅಭಿಪ್ರಾಯ ಇದೆ.

ನಾನು ಅವರನ್ನು ಸ್ಟೇಜಿನ ಮೇಲೆ ನೋಡಿದ್ದೇನೆ. ಯಾವುದೋ ಉತ್ಸವಕ್ಕೆ ಕರೆಸಿ, ಒಂದೇ ಬಣ್ಣದ ಅಂಗಿ ಹಾಕಿಸಿ, ಹತ್ತು ನಿಮಿಷಕ್ಕೆ ಕತ್ತರಿಸಿದ್ದರು. ಕೈಯಲ್ಲಿ ಆರಿದ ದೀಪ, ಮುಖದ ಮೇಲೆ ನೀಲಿ ಲೈಟು. ಆ ಹಾಡು ಹಾಗೆ ಹುಟ್ಟಿದ್ದಲ್ಲ. ಬಾಗಿಲ ಮುಂದೆ ನಿಂತು, ಒಳಗಿನವರನ್ನು ಎಬ್ಬಿಸಿ, ದೀಪ ಕೊಟ್ಟು ತಗೊಂಡು, ಎಣ್ಣೆ ಎರೆಸಿಕೊಂಡು ಹಾಡುವುದು. ಇಬ್ಬರು ಹಾಡಿದ್ದನ್ನು ಇನ್ನಿಬ್ಬರು ಎತ್ತಿಕೊಳ್ಳುತ್ತಾರೆ. ಒಂದು ಮನೆ ಬಾಗಿಲಲ್ಲೇ ಅರ್ಧ ಗಂಟೆ ಆಗಬಹುದು.

ಹಾಗಾಗಿ ಮೊದಲು ಅವರ ಮನೆಗೇ ಹೋಗಿ ಕೇಳಿ. ಫೋನ್ ಬೇಡ. ಎಲೆ ಅಡಿಕೆ ತಗೊಂಡು ಹೋಗಿ ಕೂತು ಮಾತಾಡಿ. ದೀಪಾವಳಿ ಬಿಟ್ಟು ದೀಪ ಹಚ್ಚಿ ಹಾಡುವುದಿಲ್ಲ ಅಂತ ಅವರು ಅಂದರೆ ಅಲ್ಲಿಗೆ ಬಿಟ್ಟುಬಿಡಿ. ಒತ್ತಾಯ ಬೇಡ. ಆಗ ಬೇರೆ ದಾರಿ ಇದೆ. ನಿಮ್ಮ ಹುಡುಗರಲ್ಲಿ ನಾಲ್ಕೈದು ಜನ ಬರುವ ದೀಪಾವಳಿಗೆ ಅವರ ಜೊತೆ ಸುತ್ತಲು ಹೋಗಲಿ. ಹಬ್ಬದಲ್ಲಿ ಹಾಡಿಸುವುದಕ್ಕಿಂತ ಅದೇ ದೊಡ್ಡ ಕೆಲಸ ಅಂತ ನನಗೆ ಅನ್ನಿಸುತ್ತದೆ.

ಅವರು ಒಪ್ಪಿದರೆ ಸ್ಟೇಜು ಹತ್ತಿಸಬೇಡಿ. ಶಾಲೆಯ ಜಗಲಿ ಇದೆಯಲ್ಲ, ಹಗಲು ಚಿತ್ತಾರ ಬರೆದ ಜಾಗ. ರಾತ್ರಿ 8ರ ಹೊತ್ತಿಗೆ ಮೈದಾನದ ಲೈಟು ಆರಿಸೋಣ. ಜನ ಎದ್ದು ಬಂದು ಜಗಲಿಯ ಸುತ್ತ ಕೂರಲಿ. ಇಬ್ಬಿಬ್ಬರು ಎದುರುಬದುರು ನಿಲ್ಲಲಿ. ನಾನು ಮಧ್ಯದಲ್ಲಿ ಎರಡು ಕಂಡೆನ್ಸರ್ ಮೈಕು ಮೇಲಿಂದ ಇಳಿಬಿಡುತ್ತೇನೆ, ಅವರ ಕಣ್ಣಿಗೆ ಬೀಳದ ಹಾಗೆ. ಕೈಗೆ ಮೈಕ್ ಕೊಟ್ಟರೆ ಅವರು ಒಬ್ಬರ ಮುಖ ಒಬ್ಬರು ನೋಡುವುದು ಬಿಟ್ಟು ಮೈಕು ನೋಡುತ್ತಾರೆ. ಸ್ಪೀಕರ್ ಹಿಂದಿನ ಸಾಲಿನವರಿಗೆ ಕೇಳುವಷ್ಟು ಮಾತ್ರ. ಅವರಿಗೆ ಒಂದು ಗಂಟೆ ಪೂರ್ತಿ ಕೊಡಿ. ಸಂಭಾವನೆ ಪಿಟೀಲಿನವರಿಗೆ ಎಷ್ಟೋ ಅವರಿಗೂ ಅಷ್ಟೇ, ಒಬ್ಬೊಬ್ಬರ ಕೈಗೆ.

ಒಪ್ಪಿಗೆ ಕೊಟ್ಟರೆ ರೆಕಾರ್ಡ್ ಮಾಡುತ್ತೇನೆ. ಪ್ರತಿ ಮೊದಲು ಅವರ ಮನೆಗೆ ಹೋಗಲಿ, ಮಕ್ಕಳು ಮೊಮ್ಮಕ್ಕಳ ಮೊಬೈಲಿಗೆ. ಇಂಟರ್ನೆಟ್ಟಿಗೆ ಹಾಕುವುದು ಬಿಡುವುದು ಅವರಿಗೆ ಬಿಟ್ಟದ್ದು.

ಮುಂದಿನ ಭಾನುವಾರ ನಿಮ್ಮೂರಿಗೆ ಬರುತ್ತೇನೆ. ಮೈದಾನದ ಉದ್ದಗಲ, ಕರೆಂಟ್ ಬೋರ್ಡ್ ಎಲ್ಲಿದೆ, ಅರ್ಥಿಂಗ್ ಗುಂಡಿ ಎಲ್ಲಿದೆ ಅಂತ ನೋಡಬೇಕು. ಜಗಲಿಯ ಮಾಡಿಗೆ ಕೊಕ್ಕೆ ಹಾಕಲು ಮರದ ತೊಲೆ ಇದೆಯಾ, ಇಲ್ಲ ಶೀಟಾ? ಅದೊಂದು ನೋಡಿ ಹೇಳಿ, ಅದಕ್ಕೆ ತಕ್ಕ ಸ್ಟ್ಯಾಂಡು ತರುತ್ತೇನೆ. ಡಿಗ್ರಿ ಹುಡುಗರಿಗೆ ಬೆಳಿಗ್ಗೆ ಒಂಬತ್ತಕ್ಕೆ ಬರಲು ಹೇಳಿ, ವೈರು ಸುತ್ತುವುದು ಅವತ್ತೇ ಶುರು ಮಾಡೋಣ.